ನೀಲಗಂಗಾ ಬರೆದ ಪ್ಲಗಿನ್ನು

ಅಕ್ಕಲಕೋಟದಿಂದ ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಸೊಲ್ಲಾಪುರಕ್ಕೆ ಹೊರಡುವ ಎಸ್ಟಿ ಬಸ್ಸಿನಲ್ಲಿ ನೀಲಗಂಗಾ ಹದಿನಾರು ವರ್ಷ ಓಡಾಡಿದ್ದಳು. ಮದುವೆಯಾದ ವರ್ಷ ಹತ್ತಿದ ಬಸ್ಸು. ಮಗಳು ಮನೀಷಾ ಹುಟ್ಟುವ ಮುಂಚಿನ ವಾರದವರೆಗೂ ಹತ್ತಿದ್ದಳು, ಹುಟ್ಟಿದ ಮೂರು ತಿಂಗಳಿಗೆ ಮತ್ತೆ ಹತ್ತಿದಳು. ವಳಸಂಗ, ಕುಂಭಾರಿ ದಾಟಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಮುಂದೆ ಇಳಿದು ಧೂಳಿನ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಾತಲಿಂಗಪ್ಪ ಸಾವಕಾರರ ಟವೆಲ್ ಕಾರಖಾನೆ. ಹನ್ನೆರಡು ಮಗ್ಗಗಳ ಸದ್ದು ಗೇಟಿನ ಹೊರಗೇ ಕಿವಿಗೆ ಬಡಿಯುತ್ತಿತ್ತು. ಮಗ್ಗಗಳ ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಖೋಲಿ. ಡಿಸೈನ್ ರೂಮು ಎಂದರೆ ಅದೇ. ಅದರಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಮತ್ತು ನೀಲಗಂಗಾ.

ಅವಳು ಕಂಪ್ಯೂಟರ್ ಕಲಿತವಳಲ್ಲ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಬಂದಾಗ ಇಲ್ಲಿ ಕಲ್ಲಣ್ಣ ಮಾಸ್ತರರು ಎಂಬ ಮುದುಕರು ಚೌಕಳಿ ಕಾಗದದ ಮೇಲೆ ಹೂವು, ಬಳ್ಳಿ, ನವಿಲು ಬಿಡಿಸುತ್ತಿದ್ದರು. ಒಂದು ಚೌಕಕ್ಕೆ ಒಂದು ಎಳೆ. ಬಣ್ಣ ತುಂಬಿದ ಚೌಕ ಎಂದರೆ ಹಾಸಿನ, ಅಂದರೆ ಉದ್ದದ, ಎಳೆ ಮೇಲೆ ಏಳಬೇಕು, ಖಾಲಿ ಚೌಕ ಎಂದರೆ ಕೆಳಗೇ ಉಳಿಯಬೇಕು. ಅವಳು ಅವರ ಕೈಕೆಳಗೆ ನಾಲ್ಕು ವರ್ಷ ಚೌಕ ತುಂಬಿದಳು. ಆಮೇಲೆ ಸಾವಕಾರರು ಎಲ್ಲಿಂದಲೋ ಹಳೆಯ ಇಲೆಕ್ಟ್ರಾನಿಕ್ ಜಕಾರ್ಡ್ ಪೆಟ್ಟಿಗೆಗಳನ್ನು ತಂದು ಮಗ್ಗದ ಮೇಲೆ ಕೂರಿಸಿದರು. ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ಇನ್ನು ಮೇಲೆ ಕಾಗದ ಹೇಳುವುದಿಲ್ಲ, ಪೆನ್‌ಡ್ರೈವಿನಲ್ಲಿ ಹಾಕಿದ ಫೈಲು ಹೇಳುತ್ತದೆ. ಕಲ್ಲಣ್ಣ ಮಾಸ್ತರರು ಕನ್ನಡಕ ಮಡಚಿ ಕಿಸೆಯಲ್ಲಿಟ್ಟುಕೊಂಡು ಊರಿಗೆ ಹೋದರು. ಪೆಟ್ಟಿಗೆ ಮಾಡಿದ ಕಂಪನಿ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಆ ಫೈಲು ತಯಾರಿಸುವ ಅವರ ಸಾಫ್ಟ್‌ವೇರೂ ಪರವಾನಗಿ ಮುಗಿದು ಅಲ್ಲಿಗೆ ಸತ್ತಿತು.

ಹೊಸ ಡಿಸೈನಿಲ್ಲದೆ ಮಗ್ಗಗಳು ಹದಿನೆಂಟು ದಿನ ನಿಂತವು. ಆಗ ನೀಲಗಂಗಾಳಿಗೆ ಸಿಕ್ಕಿದ್ದು ಒಂದು ಓಪನ್ ಸೋರ್ಸ್ ಚಿತ್ರ ಬಿಡಿಸುವ ಪ್ರೋಗ್ರಾಮು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಹೇಗೆ ಬರೆದಿದ್ದಾರೆ ಎಂದು ತೆರೆದು ನೋಡಬಹುದು, ಅದಕ್ಕೆ ತಮ್ಮದೇ ಒಂದು ಸಣ್ಣ ತುಂಡು ಬರೆದು ಜೋಡಿಸಬಹುದು. ಆ ತುಂಡಿಗೇ ಪ್ಲಗಿನ್ ಅನ್ನುತ್ತಾರೆ. ಪ್ಲಗಿನ್ ಬರೆಯುವುದು ಪೈಥಾನ್ ಎಂಬ ಭಾಷೆಯಲ್ಲಿ. ಅವಳು ಹಿಂದಿ ವಿಡಿಯೋ ನೋಡಿ ನೋಡಿ ಆ ಭಾಷೆ ಕಲಿತು, ಚಿತ್ರವನ್ನು ಪೆಟ್ಟಿಗೆಗೆ ತಿಳಿಯುವ ಫೈಲನ್ನಾಗಿ ಮಾಡುವ ಪ್ಲಗಿನ್ ಬರೆದಳು. ಮೊದಲು ಒಂದು ಪಟ್ಟಿಯ ಟವೆಲಿಗೆ ಸಾಕಾಗುವಷ್ಟು, ಆಮೇಲೆ ಎಂಟು ತಿಂಗಳು ತಿದ್ದಿ ತಿದ್ದಿ ನವಿಲು ಬರುವಷ್ಟು. ಬರೆಯುವಾಗ ಅಂಕಿಗಳಿಗೆ, ಸಾಲುಗಳಿಗೆ ಹೆಸರು ಕೊಡಬೇಕಾಗುತ್ತದೆ. ಅವಳು ಬಾಯಿಗೆ ಬಂದ ಹೆಸರು ಕೊಟ್ಟಳು: ಹಾಸು, ಹೊಕ್ಕು, ಎಳಿ, ಅಂಚು. ಕೆಲವು ಕಡೆ ಮರಾಠಿಯ ಉಭಾ, ಆಡವಾ, ಅಂದರೆ ನೆಟ್ಟಗಿನದು, ಅಡ್ಡದ್ದು. ಮುಗಿದ ಮೇಲೆ ಆ ಪ್ರೋಗ್ರಾಮಿನವರ ಜಾಲತಾಣದಲ್ಲಿ ಅದನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಳು. ತಾನು ಪುಕ್ಕಟೆ ತೆಗೆದುಕೊಂಡದ್ದಕ್ಕೆ ಅಷ್ಟಾದರೂ ಮಾಡಬೇಕು ಅನ್ನಿಸಿತ್ತು.

ಅದೇ ಪೆಟ್ಟಿಗೆ ಇದ್ದವರು ಲೋಕದಲ್ಲಿ ಬಹಳ ಜನ ಇದ್ದರು. ಎಂಐಡಿಸಿಯಲ್ಲೇ ಒಂಬತ್ತು ಕಾರಖಾನೆಯವರು ಅವಳ ಪ್ಲಗಿನ್ ಹಾಕಿಕೊಂಡರು. ಪೋರ್ಚುಗಲ್ಲಿನಿಂದ, ತುರ್ಕಿಯಿಂದ ಮೇಲ್ ಬರತೊಡಗಿದವು. ಮೊದಮೊದಲು ಅವಳು ಆ ಮೇಲ್‌ಗಳನ್ನು ಗಂಡ ಗುರುಸಿದ್ಧನಿಗೆ ಓದಿ ಹೇಳುತ್ತಿದ್ದಳು. ಗುರುಸಿದ್ಧ ಅಕ್ಕಲಕೋಟದ ಪೇಟೆಯಲ್ಲಿ ಕುಂಕುಮ, ಕರ್ಪೂರದ ಅಂಗಡಿ ಇಟ್ಟವನು. "ನಮ್ಮ ಮನ್ಯಾಕಿ ತುರ್ಕಿಗೆ ಗೊತ್ತದಾಳ" ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ವರ್ಷಗಳು ಹೋದಂತೆ ಮೇಲ್‌ಗಳಲ್ಲಿ ಉಪಕಾರ ಕಡಿಮೆಯಾಗಿ ತಗಾದೆ ಹೆಚ್ಚಾಯಿತು. ಇದು ಯಾಕೆ ನಡೆಯುತ್ತಿಲ್ಲ, ಅದು ಯಾವಾಗ ಬರುತ್ತದೆ, ಮೂರು ದಿನವಾಯಿತು ಉತ್ತರ ಇಲ್ಲ. ಅವಳು ಓದಿ ಹೇಳುವುದನ್ನು ಬಿಟ್ಟಳು.

ಎರಡು ವರ್ಷದ ಹಿಂದೆ ಆ ಪ್ರೋಗ್ರಾಮಿನವರು ಒಂದು ಪ್ರಕಟಣೆ ಹಾಕಿದರು. ಮುಂದಿನ ಆವೃತ್ತಿಯಿಂದ ಆ ಭಾಷೆಯ ಹಳೆಯ ರೂಪವಾದ ಪೈಥಾನ್ ಎರಡರಲ್ಲಿ ಬರೆದ ಪ್ಲಗಿನ್‌ಗಳು ನಡೆಯುವುದಿಲ್ಲ, ಎಲ್ಲರೂ ಪೈಥಾನ್ ಮೂರಕ್ಕೆ ಬದಲಿಸಿಕೊಳ್ಳಬೇಕು. ನೀಲಗಂಗಾ ಬರೆದದ್ದು ಎರಡರಲ್ಲಿ. ಅವಳು ಅಂದೇ ಸಾವಕಾರರ ಕ್ಯಾಬಿನ್ನಿಗೆ ಹೋದಳು.

"ಸಾವಕಾರ್ರ, ನನಗ ಎರಡ ತಿಂಗಳಾ ದಿನಕ್ಕ ಎರಡ ತಾಸು ಬಿಡುವು ಕೊಡ್ರಿ. ಪೂರ್ತಿ ಹೊಸದಾಗಿ ಬರೀಬೇಕಾಗತದ."

ಸಾತಲಿಂಗಪ್ಪ ಅರವತ್ತೈದರ ಮನುಷ್ಯ. ಹಣೆಯ ತುಂಬ ವಿಭೂತಿ, ಮಾತು ಮೆತ್ತಗೆ. "ಈಗ ನಡ್ಯಾಕತ್ತೈತಿಲ್ಲೋ, ನೀಲವ್ವಾ?"

"ನಡ್ಯಾಕತ್ತೈತ್ರಿ."

"ಮತ್ತ ನಡಿಯೂದನ್ನ ಯಾಕ ಮುಟ್ಟತಿ? ಹೊಸಾದು ನಾವು ಹಾಕ್ಕೊಳ್ಳೂದ ಬ್ಯಾಡ. ಚಾಲೂ ಐತಿ, ಚಾಲೂ ಇರಲಿ."

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಳೆಯ ಕಂಪ್ಯೂಟರು, ಹಳೆಯ ಪ್ರೋಗ್ರಾಮು, ಹಳೆಯ ಪ್ಲಗಿನ್ನು ಮೂರೂ ಒಂದಕ್ಕೊಂದು ಆತುಕೊಂಡು ಇನ್ನೂ ಎರಡು ವರ್ಷ ನಡೆದವು. ಹೊಸದಕ್ಕೆ ಹೋದ ಹೊರದೇಶದವರು ಮಾತ್ರ ಅವಳಿಗೆ ಬರೆಯುತ್ತಲೇ ಇದ್ದರು. ಅವಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು: ಸಮಯ ಸಿಕ್ಕಾಗ ಮಾಡುತ್ತೇನೆ. ಆ ಸಮಯ ಬಸ್ಸಿನಲ್ಲೂ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಅಕ್ಕಲಕೋಟದಲ್ಲೇ ಒಂದು ಟ್ರಸ್ಟಿನವರು ಹುಡುಗಿಯರಿಗಾಗಿ ತರಬೇತಿ ಕೇಂದ್ರ ತೆರೆಯುವವರಿದ್ದರು. ಹೊಲಿಗೆ, ಕಸೂತಿ, ಕಂಪ್ಯೂಟರಿನಲ್ಲಿ ಬಟ್ಟೆಯ ಚಿತ್ರ ಬಿಡಿಸುವುದು. ಕೊನೆಯದಕ್ಕೆ ಒಬ್ಬ ಶಿಕ್ಷಕಿ ಬೇಕಾಗಿದ್ದರು. ನೀಲಗಂಗಾ ಗಂಡನಿಗೂ ಹೇಳದೆ ಅರ್ಜಿ ಹಾಕಿದಳು. ಕರೆದರು, ಕೇಳಿದರು, ಆರಿಸಿದರು. ಆಯ್ಕೆಯ ಪತ್ರ ಬಂದ ದಿನ ಅವಳು ಮನೆಯಿಂದ ಆ ಕಟ್ಟಡದವರೆಗೆ ನಡೆದು ನೋಡಿದಳು. ಆರು ನಿಮಿಷ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಹೋಗಬಹುದು. ಮನೀಷಾ ಶಾಲೆಯಿಂದ ಬರುವಷ್ಟರಲ್ಲಿ ತಾನೂ ಬಂದಿರಬಹುದು. ರಸ್ತೆಯಲ್ಲಿ ನಿಂತೇ ಅವಳಿಗೆ ನಗು ಬಂತು.

ಪತ್ರದಲ್ಲಿ ಒಂದು ಷರತ್ತಿತ್ತು. ಜೂನ್ ಹದಿನಾರರ ಸಂಜೆ ಐದರೊಳಗೆ ಹಾಜರಾಗಬೇಕು, ಬರುವಾಗ ಈಗಿನ ಮಾಲೀಕರಿಂದ ಕೆಲಸದಿಂದ ಬಿಡುಗಡೆಯಾದ ಪತ್ರ ತರಬೇಕು.

"ಹೋಗವ್ವಾ, ಯಾರ ಬ್ಯಾಡ ಅಂತಾರ?" ಎಂದರು ಸಾತಲಿಂಗಪ್ಪ. "ಆದ್ರ ನಿನ್ನ ಜಾಗಾಕ್ಕ ಯಾರನ್ನರ ತಯಾರ ಮಾಡಿ ಹೋಗು."

ತಯಾರಾಗಲು ನಿತಿನ ಎಂಬವನು ಬಂದ. ಪುಣೆಯಲ್ಲಿ ಡಿಸೈನ್ ಕಲಿತವನು, ಕೈ ಚೆನ್ನಾಗಿತ್ತು. ಆದರೆ ಪ್ಲಗಿನ್ನನ್ನು ತೆರೆದು ನೋಡಿದವನೇ ಮುಖ ಸಣ್ಣದು ಮಾಡಿದ. ಎರಡು ಸಾವಿರದ ನಾನೂರು ಸಾಲು. ಎಲ್ಲೂ ಒಂದು ವಿವರಣೆ ಇಲ್ಲ. ಒಂದು ಕಡೆ ಮಾತ್ರ ಅವಳೇ ಬರೆದಿಟ್ಟಿದ್ದಳು: "ಈ ಸಾಲು ತೆಗೀಬ್ಯಾಡ."

"ಯಾಕ ತೆಗೀಬಾರದ್ರಿ, ಮ್ಯಾಡಮ್?"

ನೀಲಗಂಗಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವಳಿಗೂ ನೆನಪಿರಲಿಲ್ಲ.

ನಿತಿನ ಹನ್ನೆರಡು ದಿನಕ್ಕೆ ಬಿಟ್ಟು ಹೋದ. "ಹುಡುಗ ಓಡಿ ಹೋದ ನೋಡು, ನಿನ್ನಂಥಾಕಿ ಎಲ್ಲಿ ಸಿಗಬೇಕು?" ಎಂದು ಸಾವಕಾರರು ಹೊಗಳುವ ಹಾಗೆ ಅಂದರು. ಅವಳಿಗೆ ಮೈಮೇಲೆ ಯಾರೋ ಕಂಬಳಿ ಹೊದಿಸಿ ಅಂಚು ಒತ್ತಿ ಹಿಡಿದಂತಾಯಿತು.

ಮೇ ಮೂರನೆಯ ವಾರ ಸೊಲ್ಲಾಪುರದಲ್ಲಿ ಅಕಾಲದ ಮಳೆ ಬಿತ್ತು. ಗುಡುಗಿನ ಜೊತೆಗೆ ಕರೆಂಟು ಹೋಗಿ ಬಂತು, ಹೋಗಿ ಬಂತು, ಮೂರನೆಯ ಸಲ ಬಂದಾಗ ಡಿಸೈನ್ ರೂಮಿನ ಕಂಪ್ಯೂಟರಿನಿಂದ ಸುಟ್ಟ ವಾಸನೆ ಎದ್ದಿತು. ಹೊಸ ಕಂಪ್ಯೂಟರು ಎರಡೇ ದಿನದಲ್ಲಿ ಬಂತು. ಅದರಲ್ಲಿ ಹಳೆಯ ಪ್ರೋಗ್ರಾಮು ತೆರೆದ ಕ್ಷಣವೇ ಮುಚ್ಚಿಕೊಳ್ಳುತ್ತಿತ್ತು. ಹೊಸ ಪ್ರೋಗ್ರಾಮು ಚೆನ್ನಾಗಿ ತೆರೆಯಿತು, ಆದರೆ ಅವಳ ಪ್ಲಗಿನ್ ಹಾಕಿದರೆ ಒಂದು ಬೂದು ಬಣ್ಣದ ಚೌಕ ಮೂಡುತ್ತಿತ್ತು: ಈ ಭಾಷೆಯ ಪ್ಲಗಿನ್‌ಗಳಿಗೆ ಈಗ ಬೆಂಬಲವಿಲ್ಲ. ಕೆಳಗೆ 'ಸರಿ' ಎಂಬ ಒಂದೇ ಗುಂಡಿ. ಒತ್ತದೆ ಬೇರೆ ದಾರಿಯಿರಲಿಲ್ಲ.

ಮೊದಲೇ ತಯಾರಾಗಿದ್ದ ಡಿಸೈನುಗಳು ಪೆನ್‌ಡ್ರೈವಿನಲ್ಲಿದ್ದವು, ಮಗ್ಗಗಳು ಅವನ್ನೇ ದಿನಕ್ಕೆ ಅರ್ಧ ಪಾಳಿ ನೇಯುತ್ತಿದ್ದವು. ಹೊಸದೊಂದು ಹೂವೂ ಹೊರಡುವ ಹಾಗಿರಲಿಲ್ಲ. ಆಗಲೇ ಒಂದು ದೊಡ್ಡ ಹೋಟೆಲಿನವರು ಅಂಚಿನಲ್ಲಿ ಬಳ್ಳಿಯಿರುವ ಟವೆಲ್ ಕೇಳಿದ್ದರು. ಜೂನ್ ಇಪ್ಪತ್ತಕ್ಕೆ ಮಾಲು ಹೋಗಬೇಕಿತ್ತು.

ಸಾತಲಿಂಗಪ್ಪ ಈ ಸಲ ಡಿಸೈನ್ ರೂಮಿಗೆ ತಾವೇ ಬಂದು ಬಾಗಿಲಲ್ಲಿ ನಿಂತರು. "ನೀಲವ್ವಾ, ಸಿಟ್ಟಾಗಬ್ಯಾಡ. ಈ ಟವೆಲ್ ನಡಿಯೂ ತನಕಾ ನಾ ಪತ್ರಕ್ಕ ಸಹಿ ಹಾಕೂದಿಲ್ಲ. ನೀ ಹೋದ್ರ ನನಗ ಎರಡ ದಿನಾ ಈ ಲೂಮ್ ನಡಸಾಕ ಬರೂದಿಲ್ಲ. ಬಳ್ಳಿ ಬಂತಂದ್ರ ಅವತ್ತ ಸಹಿ."

"ಎರಡ ವರ್ಷದ ಹಿಂದ ಕೇಳಿದ್ದೆನ್ರಿ."

"ಕೇಳಿದ್ದಿ. ತಪ್ಪ ನನ್ನದ. ಈಗ ಏನ್ ಮಾಡೂದು ಹೇಳು?"

ತಪ್ಪು ಒಪ್ಪಿಕೊಂಡವರ ಜೊತೆ ಜಗಳವಾಡುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಅವತ್ತಿನಿಂದ ಅವಳು ಬಸ್ಸಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಕುಂಭಾರಿಯ ಹತ್ತಿರ ರಸ್ತೆ ಕುಲುಕುವಾಗ ಮುಚ್ಚುವುದು, ಆಮೇಲೆ ಮತ್ತೆ ತೆರೆಯುವುದು. ಕಾರಖಾನೆಯಲ್ಲಿ ಊಟದ ಹೊತ್ತು, ಮನೆಯಲ್ಲಿ ರವಿವಾರ, ಎಲ್ಲಾ ಅದಕ್ಕೇ ಹೋಯಿತು. ತಾನು ಬರೆದ ಸಾಲುಗಳನ್ನು ತಾನೇ ಬೆರಳಿಟ್ಟು ಓದುವ ಗತಿ ಬಂದಿತ್ತು. ಇಪ್ಪತ್ತಾರರ ಹರೆಯದಲ್ಲಿ ಅವಸರದಿಂದ ಬರೆದವಳು ಒಬ್ಬಳು, ನಲವತ್ತರ ಹತ್ತಿರ ಕುಳಿತು ಅದನ್ನು ಬಿಡಿಸುವವಳು ಇನ್ನೊಬ್ಬಳು. ಅತ್ತ ಎಂಐಡಿಸಿಯ ಉಳಿದ ಕಾರಖಾನೆಯವರಿಗೂ ಸುದ್ದಿ ಹೋಗಿ ಫೋನ್ ಹಚ್ಚತೊಡಗಿದರು: ನಮ್ಮ ಕಂಪ್ಯೂಟರ್ ಸುಟ್ಟರೆ ನಮ್ಮ ಗತಿಯೇನು ಅಕ್ಕಾರ, ಹೊಸದು ಯಾವಾಗ ಕೊಡತೀರಿ?

ಪೋರ್ಚುಗಲ್ಲಿನಿಂದ ಒಬ್ಬ ನೇಕಾರ ಬರೆದ. ಅರ್ಧದಷ್ಟನ್ನು ಅವನೇ ಹೊಸ ಭಾಷೆಗೆ ಬದಲಿಸಲು ನೋಡಿದ್ದನಂತೆ, ಮುಂದೆ ಹೋಗಲಾಗಲಿಲ್ಲವಂತೆ. "ಹೊಕ್ಕು ಎಂದರೇನು? ನಿಘಂಟುಗಳಲ್ಲೆಲ್ಲ ಹುಡುಕಿದೆ. ನಿಮ್ಮ ಮನೆಯಲ್ಲಿ ನಾನು ದೀಪವಿಲ್ಲದೆ ಓಡಾಡುತ್ತಿದ್ದೇನೆ" ಎಂದಿದ್ದ. ಹೊಕ್ಕು ಎಂದರೆ ಅಡ್ಡ ಎಳೆ ಎಂದು ಅವಳು ಉತ್ತರ ಬರೆದಳು. ಇಷ್ಟು ವರ್ಷ ಒಬ್ಬರಾದರೂ ಕೈಜೋಡಿಸಲಿಲ್ಲ ಎಂದು ಒಳಗೊಳಗೇ ಬೈದುಕೊಂಡಿದ್ದಳು. ಬರಬೇಕೆಂದವನಿಗೂ ಬರಲಾಗಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿದವಳು ತಾನೇ.

ಜೂನ್ ಹನ್ನೊಂದಕ್ಕೆ ಪ್ಲಗಿನ್ ಹೊಸ ಪ್ರೋಗ್ರಾಮಿನಲ್ಲಿ ತೆರೆಯಿತು. ಬೂದು ಚೌಕ ಬರಲಿಲ್ಲ. ಬಳ್ಳಿಯ ಫೈಲು ಹೊರಟಿತು. ಅದನ್ನು ನಾಲ್ಕನೆಯ ಮಗ್ಗಕ್ಕೆ ಹಾಕಿದ್ದು ಸಾಯಬಣ್ಣ. ಕಂದಲಗಾಂವದಿಂದ ದಿನಾ ಮೋಟರ್ ಸೈಕಲ್ಲಿನಲ್ಲಿ ಬರುವ ಅವನು ಈ ಕಾರಖಾನೆಯ ಜಾಬರ್, ಅಂದರೆ ಮಗ್ಗಗಳ ರಿಪೇರಿ, ಜೋಡಣೆ ಎಲ್ಲಾ ಅವನ ಕೈಯಲ್ಲಿ. ಮನೆಯಲ್ಲಿ ಕುರಿಯ ಹಿಂಡು, ತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಇವನಿಗೆ ಮೂವತ್ತು ವರ್ಷದಿಂದ ಮಗ್ಗವೇ ಆಗಿತ್ತು.

ಒಂದು ಗೇಣು ನೇಯ್ದಾಗಲೇ ಸಾಯಬಣ್ಣ ಮಗ್ಗ ನಿಲ್ಲಿಸಿದ. ಬಳ್ಳಿಯ ಒಂದು ಗೆರೆ ಸರಿ ಬಂದಿತ್ತು, ಮುಂದಿನದು ಒಂದು ಎಳೆ ಸರಿದಿತ್ತು. ಮತ್ತೊಂದು ಸರಿ, ಮತ್ತೊಂದು ಸರಿದದ್ದು. ದೂರದಿಂದ ನೋಡಿದರೆ ಬಳ್ಳಿಯನ್ನು ಇಲಿ ಕಡಿದ ಹಾಗೆ ಕಾಣುತ್ತಿತ್ತು.

ನೀಲಗಂಗಾ ಎರಡು ದಿನ ಸಾಲುಗಳನ್ನು ತಿರುವಿ ಹಾಕಿದಳು. ತಪ್ಪು ಕಾಣಲಿಲ್ಲ. ಮಗ್ಗದ್ದೇ ತಪ್ಪಿರಬೇಕು ಎಂದಳು. ಸಾಯಬಣ್ಣ ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿ ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಿದ. ಹದಿಮೂರರ ಮಧ್ಯಾಹ್ನ ಕೈಯೆಲ್ಲಾ ಎಣ್ಣೆ ಮಾಡಿಕೊಂಡು ಡಿಸೈನ್ ರೂಮಿಗೆ ಬಂದು ಆ ಬಟ್ಟೆಯ ತುಂಡನ್ನು ಮೇಜಿನ ಮೇಲೆ ಹಾಸಿದ.

"ತಂಗೆವ್ವಾ, ಇದು ಕಬ್ಬಿಣದ ತಪ್ಪಲ್ಲ."

"ಹ್ಯಾಂಗ ಹೇಳತಿ, ಕಾಕಾ?"

"ಕೊಕ್ಕಿ ಕೆಟ್ಟಿದ್ರ ಆ ಒಂದ ಎಳಿ ಯಾವಾಗ್ಲೂ ತಪ್ಪತದ. ಇದು ಹಾಂಗಿಲ್ಲ. ಒಂದ ಬಿಟ್ಟ ಒಂದ ತಪ್ಪಾಕತ್ತೈತಿ, ಅದೂ ಬರೋಬ್ಬರಿ ತಪ್ಪಾಕತ್ತೈತಿ. ಮಷೀನಿಗಿ ಇಷ್ಟ ಶಿಸ್ತ ಇರಂಗಿಲ್ಲ. ಯಾರೋ ಎಣಸೂದರಾಗ ತಪ್ಪ್ಯಾರ."

ಎಣಿಸುವುದರಲ್ಲಿ. ನೀಲಗಂಗಾ ಕಾಗದ ತೆಗೆದುಕೊಂಡಳು. ಈ ಟವೆಲಿಗೆ ಚಿತ್ರದ ಒಂದು ಚುಕ್ಕೆಗೆ ಒಂದೂವರೆ ಎಳೆ. ಅರ್ಧ ಎಳೆಯನ್ನು ಎತ್ತಲು ಬರುವುದಿಲ್ಲ, ಆದ್ದರಿಂದ ಅರ್ಧ ಬಂದ ಕಡೆ ಪೂರ್ಣ ಮಾಡಬೇಕು. ಅದಕ್ಕೆ ಪೈಥಾನಿನಲ್ಲೇ ಒಂದು ಆಜ್ಞೆ ಇತ್ತು, ಎರಡರಲ್ಲೂ ಮೂರರಲ್ಲೂ ಅದರ ಹೆಸರು ಒಂದೇ. ಅವಳು ಹಳೆಯ ಭಾಷೆಯ ಕೈಪಿಡಿಯನ್ನೂ ಹೊಸದರ ಕೈಪಿಡಿಯನ್ನೂ ಪಕ್ಕಪಕ್ಕದಲ್ಲಿ ತೆರೆದಳು. ಹಳೆಯದು ಅರ್ಧವನ್ನು ಯಾವಾಗಲೂ ಮೇಲಕ್ಕೆ ಒಯ್ಯುತ್ತಿತ್ತು. ನಾಲ್ಕೂವರೆ ಎಂದರೆ ಐದು, ಏಳೂವರೆ ಎಂದರೆ ಎಂಟು. ಹೊಸದು ಹತ್ತಿರದ ಸಮಸಂಖ್ಯೆಗೆ ಹೋಗುತ್ತಿತ್ತು. ಏಳೂವರೆ ಎಂದರೆ ಎಂಟೇ, ನಾಲ್ಕೂವರೆ ಎಂದರೆ ಮಾತ್ರ ನಾಲ್ಕು. ಒಂದು ಬಿಟ್ಟು ಒಂದು.

ಹೆಸರು ಅದೇ ಇಟ್ಟುಕೊಂಡು ನಡತೆ ಬದಲಿಸಿದ್ದರು. ಅವಳು ಆ ಒಂದು ಸಾಲನ್ನು ತಾನೇ ಬೇರೆ ರೀತಿಯಲ್ಲಿ ಬರೆದಳು. ಫೈಲು ಹೊರಟಿತು. ಮರುದಿನ, ಶನಿವಾರ, ನಾಲ್ಕನೆಯ ಮಗ್ಗದ ಮೇಲೆ ಬಳ್ಳಿ ಎಲೆ ಬಿಚ್ಚಿಕೊಂಡು ನೆಟ್ಟಗೆ ಬಂತು. ಸಾಯಬಣ್ಣ ಬೆರಳಿನಿಂದ ಅದನ್ನು ಸವರಿ ನೋಡಿ, ಎಣ್ಣೆ ಹತ್ತಿತೆಂದು ತಾನೇ ನಾಲಿಗೆ ಕಚ್ಚಿಕೊಂಡ.

ಉಳಿದ ಮಗ್ಗಗಳಿಗೆ ಹಾಕಬೇಕಾದ ಪೆನ್‌ಡ್ರೈವು ಅವಳ ಮುಷ್ಟಿಯಲ್ಲಿತ್ತು. ಕ್ಯಾಬಿನ್ನಿನ ಬಾಗಿಲು ಹತ್ತು ಹೆಜ್ಜೆಯ ದೂರದಲ್ಲಿತ್ತು. ಒಳಗೆ ಹೋಗಿ, ಮೊದಲು ಸಹಿ, ಆಮೇಲೆ ಇದು ಎನ್ನಬಹುದಿತ್ತು. ಅನ್ನಬೇಕು ಎಂದುಕೊಂಡೇ ಎದ್ದಳು. ಅಷ್ಟರಲ್ಲಿ ಸಾಯಬಣ್ಣ ಮತ್ತು ಇಬ್ಬರು ಕೆಲಸದ ಹೆಣ್ಣುಮಕ್ಕಳು ಬೇರೆ ಮಗ್ಗಗಳ ಹಳೆಯ ಬಟ್ಟೆ ಕತ್ತರಿಸಿ, ಹೊಸದಕ್ಕೆ ಎಳೆ ಗಂಟು ಹಾಕುತ್ತ ಅವಳ ಕಡೆ ನೋಡುತ್ತಿದ್ದರು. ಮೂರು ವಾರ ಅರ್ಧ ಪಾಳಿ ಕೆಲಸದಲ್ಲಿ ಕಳೆದವರು ಅವರು. ನೀಲಗಂಗಾ ಪೆನ್‌ಡ್ರೈವು ಕೊಟ್ಟುಬಿಟ್ಟಳು.

ಸಾತಲಿಂಗಪ್ಪ ಬಂದು ಬಳ್ಳಿ ನೋಡಿ ಕೈಮುಗಿದರು. "ಭಲೇ ನೀಲವ್ವಾ. ಸೋಮವಾರ ಮುಂಜಾನಿ ಬಾ, ಲೆಟರ್‌ಹೆಡ್ಡಿನ ಮ್ಯಾಲ ಬರದು ಕೊಡತೀನಿ. ಕ್ಲರ್ಕ್ ಇವತ್ತ ರಜಾ ಇದ್ದಾನ."

ಸೋಮವಾರ ಹದಿನಾರು. ಅವಳು ಏಳೂ ಇಪ್ಪತ್ತರ ಬದಲು ಆರರ ಬಸ್ಸಿಗೆ ಬಂದಳು. ಕ್ಯಾಬಿನ್ನಿಗೆ ಬೀಗ ಇತ್ತು. ಸಾವಕಾರರು ಲಾತೂರಿಗೆ ಲಗ್ನಕ್ಕೆ ಹೋಗಿದ್ದಾರೆ ಎಂದು ಕ್ಲರ್ಕ್ ಹೇಳಿದ. ಫೋನ್ ಬಂದ್ ಇತ್ತು. ಹನ್ನೊಂದರವರೆಗೆ ಹಚ್ಚಿದಳು, ಒಂದರವರೆಗೆ ಹಚ್ಚಿದಳು. ಕ್ಲರ್ಕ್ ಅವಳ ಮುಖ ನೋಡಲಾರದೆ ಚಹಾ ತರಿಸಿ ಮುಂದಿಟ್ಟ. ಎರಡು ಗಂಟೆಗೆ ಅವಳು ಪತ್ರವಿಲ್ಲದೆಯೇ ಬಸ್ಸು ಹತ್ತಿದಳು.

ತರಬೇತಿ ಕೇಂದ್ರದ ಮುಖ್ಯಸ್ಥೆ ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟು ಕೂರಿಸಿದರು. ಐದರವರೆಗೆ ಕಾಯುತ್ತೇನೆ, ಮೊಬೈಲಿಗೆ ಫೋಟೋ ಬಂದರೂ ನಡೆಯುತ್ತದೆ ಎಂದರು. ನೀಲಗಂಗಾ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಪಕ್ಕದ ಕೋಣೆಯಲ್ಲಿ ಹೊಸ ಕಂಪ್ಯೂಟರುಗಳ ಪೆಟ್ಟಿಗೆ ಒಡೆಯುತ್ತಿದ್ದರು. ಐದೂ ಹತ್ತಕ್ಕೆ ಮುಖ್ಯಸ್ಥೆ, "ಮಲಾ ಮಾಫ್ ಕರಾ, ತಾಈ" ಎಂದು ಮರಾಠಿಯಲ್ಲಿ ಕ್ಷಮೆ ಕೇಳಿ, ಪಟ್ಟಿಯಲ್ಲಿದ್ದ ಎರಡನೆಯವಳಿಗೆ ಫೋನ್ ಮಾಡಲು ಒಳಗೆ ಹೋದರು.

ಆ ಆರು ನಿಮಿಷದ ದಾರಿಯನ್ನು ಅವಳು ಅರ್ಧ ತಾಸು ನಡೆದಳು. ಗುರುಸಿದ್ಧ ಅಂಗಡಿ ಮುಚ್ಚಿ ಎದುರಿಗೆ ಬಂದ. ಅವಳ ಕೈಯಿಂದ ಚೀಲ ತೆಗೆದುಕೊಂಡ. ಮನೆಯ ಮೆಟ್ಟಿಲ ಹತ್ತಿರ ಬಂದಾಗ, "ನಾಳೆ ಹೋಗಬ್ಯಾಡ" ಎಂದ.

"ಹೋಗದಿದ್ರ ಏನ್ ಮಾಡ್ಲಿ?" ಎಂದಳು ಅವಳು. ಬೆಳಗ್ಗೆ ಅವಳು ಹೋದಳು.

ಸಾವಕಾರರು ಲಗ್ನದಿಂದ ಬಂದವರು, ಫೋನಿನ ಚಾರ್ಜು ಹೋಗಿತ್ತು ಎಂದರು. ಹೋಟೆಲಿನ ಮಾಲು ಹೊರಟ ದಿನ ಎಲ್ಲರ ಮುಂದೆ ಅವಳಿಗೆ ಶಾಲು ಹೊದಿಸಿದರು, ಡಿಸೈನ್ ರೂಮಿನ ಬಾಗಿಲಿಗೆ 'ಡಿಸೈನ್ ಹೆಡ್' ಎಂದು ಅವಳ ಹೆಸರಿನ ಫಲಕ ಹಾಕಿಸಿದರು. ಸಾಯಬಣ್ಣ ಚಪ್ಪಾಳೆ ತಟ್ಟಲಿಲ್ಲ. ಅವನು ಮಗ್ಗದ ಹಿಂದೆ ಏನೋ ಬಿಗಿಮಾಡುತ್ತ ನಿಂತಿದ್ದ.

ಜುಲೈ ಪೂರ್ತಿ ಅವಳು ಊಟದ ಹೊತ್ತಿನಲ್ಲಿ ಒಂದೇ ಕೆಲಸ ಮಾಡಿದಳು. ಪ್ಲಗಿನ್ನಿನ ಪ್ರತಿಯೊಂದು ತುಂಡಿನ ಮೇಲೆ ಅದು ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಎಂದು ಸರಳ ಇಂಗ್ಲಿಷಿನಲ್ಲಿ ಬರೆದಳು. ಹಾಸು, ಹೊಕ್ಕುಗಳನ್ನು ತೆಗೆಯಲಿಲ್ಲ, ಅವುಗಳ ಅರ್ಥ ಬರೆದಳು. ಆಮೇಲೆ ಜಾಲತಾಣದಲ್ಲಿ, ಇದನ್ನು ನೋಡಿಕೊಳ್ಳಲು ಜನ ಬೇಕು, ನನ್ನೊಬ್ಬಳಿಂದ ಆಗುವುದಿಲ್ಲ ಎಂದು ಹಾಕಿದಳು. ಪೋರ್ಚುಗಲ್ಲಿನವನು ಒಪ್ಪಿದ. ಹತ್ತು ದಿನದ ಮೇಲೆ ಪಕ್ಕದ ಕಾರಖಾನೆಯ ಶೈಲೇಶನೂ ಒಪ್ಪಿದ. ಎಂಐಡಿಸಿಯಿಂದ ಬಂದ ಫೋನುಗಳಿಗೆ ಅವಳು ಶೈಲೇಶನ ನಂಬರು ಕೊಡತೊಡಗಿದಳು. ಮೊದಲ ದಿನ ಹಾಗೆ ಕೊಟ್ಟು ಫೋನ್ ಇಟ್ಟವಳು ಊಟದ ಡಬ್ಬಿ ತೆರೆದಳು.

ಆಗಸ್ಟಿನಲ್ಲಿ ಸಾವಕಾರರು ಹೊಸ ಚಾದರದ ಡಿಸೈನ್ ಹಿಡಿದು ಬಂದರು. ನೀಲಗಂಗಾ ಅದನ್ನು ಮುಟ್ಟಲಿಲ್ಲ.

"ಮೊದಲು ನನ್ನ ಬಿಡುಗಡೆ ಪತ್ರಾ ಬರದು ಕೊಡ್ರಿ, ಸಾವಕಾರ್ರ."

"ಆ ನೌಕರಿ ಹೋತಲ್ಲವ್ವಾ? ಈಗ ಎಲ್ಲಿಗಿ ಹೊಂಟಿ?"

"ಎಲ್ಲಿಗೂ ಇಲ್ಲರಿ. ಪತ್ರಾ ನನ್ನ ಹಂತ್ಯಾಕ ಇರಲಿ."

ಅವರು ನಕ್ಕರು. ಅವಳು ನಗಲಿಲ್ಲ. ಗಾಜಿನ ಆಚೆ ಮಗ್ಗಗಳು ಬಡಿಯುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಅವರ ನಗು ತಾನಾಗಿ ನಿಂತಿತು. ಕ್ಲರ್ಕನನ್ನು ಕರೆದು ಲೆಟರ್‌ಹೆಡ್ಡು ತರಿಸಿ, ನಿಂತಲ್ಲೇ ಬರೆಸಿ ಸಹಿ ಹಾಕಿದರು. ಕೊಡುವಾಗ, "ನನಗ ಅಂಜಿಕಿ ಆಗಿತ್ತವ್ವಾ, ಅದಕ್ಕ ಅವತ್ತ ಫೋನ್ ಬಂದ್ ಮಾಡಿದ್ದೆ" ಎಂದು ತಗ್ಗಿದ ದನಿಯಲ್ಲಿ ಅಂದರು. ಅವಳು ಹೂಂ ಎಂದಳು, ಅಷ್ಟೇ. ಕ್ಷಮಿಸುವ ಮಾತು ಬಾಯಿಗೆ ಬರಲಿಲ್ಲ, ಅವಳು ತಂದುಕೊಳ್ಳಲೂ ಇಲ್ಲ.

ಸಂಜೆ ಬಸ್ಸಿನಲ್ಲಿ ಪತ್ರ ತೆಗೆದು ಓದಿದಳು. ಇಂತಿಂಥವರು ನಮ್ಮಲ್ಲಿ ಹದಿನಾರು ವರ್ಷ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ, ಇವರನ್ನು ಈ ದಿನದಿಂದ ಬಿಡುಗಡೆ ಮಾಡಲಾಗಿದೆ ಎಂದು ಮರಾಠಿಯಲ್ಲಿತ್ತು. ಹೋಗುವ ದಿನ ಅವಳೇ ತುಂಬಿಕೊಳ್ಳಲೆಂದು ತಾರೀಖಿನ ಜಾಗ ಖಾಲಿ ಬಿಟ್ಟಿದ್ದರು. ಹೋಗಲು ಈಗ ಒಂದು ಊರೂ ಇಲ್ಲ, ಒಂದು ನೌಕರಿಯೂ ಇಲ್ಲ, ಮನೀಷಾಳ ಶಾಲೆ ಮುಗಿಯಲು ಇನ್ನೂ ನಾಲ್ಕು ವರ್ಷ ಇತ್ತು. ಅವಳು ಪತ್ರವನ್ನು ಮಡಚದೆ ಚೀಲದಲ್ಲಿದ್ದ ಪುಸ್ತಕವೊಂದರ ನಡುವೆ ಇಟ್ಟಳು. ವಳಸಂಗದಲ್ಲಿ ಜನ ಹತ್ತಿದರು. ಒಬ್ಬ ಮುದುಕಿಗೆ ಜಾಗ ಮಾಡಿಕೊಡಲು ಕಿಟಕಿಯ ಕಡೆ ಸರಿದಳು.